ಮಳೆಕಾಡಿನ ಸಿರಿ ಮಣ್ಣಿನಲ್ಲಿಲ್ಲ

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮೂರಿನ ಕಾಕಾ ಒಬ್ಬರನ್ನು ಕಣಕುಂಬಿಗೆ ಕರೆದುಕೊಂಡು ಹೋಗಿದ್ದೆ. ನಮ್ಮೂರು ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭೆಯ ದಂಡೆಗೆ ಇದೆ. ಕಾಕಾ ಸಣ್ಣವರಿದ್ದಾಗಿನಿಂದ ಆ ಹೊಳೆಯಲ್ಲಿ ಈಜಿದವರು, ಅದರ ನೀರಲ್ಲೇ ಹೊಲ ಮಾಡಿದವರು. ಆದರೆ ಹೊಳೆ ಹುಟ್ಟುವ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ. "ಸಾಯೋದ್ರಾಗ ಒಮ್ಮೆ ತೋರಸಪಾ" ಅಂತ ಬಹಳ ದಿನದಿಂದ ಹೇಳುತ್ತಿದ್ದರು.

ಬೆಳಗಾವಿ ಬಿಟ್ಟು ಜಾಂಬೋಟಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಾಡು ದಟ್ಟವಾಗುತ್ತದೆ. ಕಾಕಾ ಕಿಟಕಿಗೆ ಮುಖ ಹಚ್ಚಿ ಮೇಲೆ ನೋಡುತ್ತಲೇ ಇದ್ದರು. "ಏನ್ ಗಿಡ ಬೆಳದಾವೋ ತಮ್ಮಾ! ಇಲ್ಲಿ ಮಣ್ಣು ನಮ್ಮ ಎರಿಗಿಂತ ನೂರು ಪಟ್ಟು ಚಲೋ ಇರಬೇಕು ನೋಡು" ಅಂದರು.

ನಾನು ಗಾಡಿ ನಿಲ್ಲಿಸಿದೆ. ರಸ್ತೆ ಮಾಡುವಾಗ ಕಡಿದ ದಿಬ್ಬ ಒಂದು ಅಲ್ಲೇ ಇತ್ತು. ಕಾಡಿನ ನೆಲವನ್ನು ಚಾಕುವಿನಿಂದ ಕೊಯ್ದು ಇಟ್ಟ ಹಾಗೆ ಪದರ ಪದರ ಕಾಣುತ್ತಿತ್ತು. ಎಲ್ಲಕ್ಕಿಂತ ಮೇಲೆ ಒದ್ದೆ ತರಗೆಲೆ. ಅದರ ಕೆಳಗೆ ಅರ್ಧ ಕೊಳೆತ, ಚಹಾಪುಡಿಯಂತೆ ಕಪ್ಪಾದ ಎಲೆ. ಅದರೊಳಗೆ ಬಿಳಿ ದಾರದಂತೆ ಹಬ್ಬಿದ ಬೂಷ್ಟು, ಕೂದಲಿನಷ್ಟು ಸಣ್ಣ ಬೇರುಗಳ ಹೆಣಿಕೆ. ಇಷ್ಟೆಲ್ಲ ಸೇರಿ ಒಂದು ಗೇಣು ಕೂಡ ಇರಲಿಲ್ಲ. ಅದರ ಕೆಳಗೆ ಬರೀ ಕೆಂಪು ಜಂಬಿಟ್ಟಿಗೆ. ಕಾಕಾ ಒಂದು ಹೆಂಟೆ ಮುರಿದು ಬೆರಳಲ್ಲಿ ತಿಕ್ಕಿದರು, ಮೂಸಿ ನೋಡಿದರು. "ಇದ್ರಾಗ ಏನೈತೋ? ಜ್ವಾಳ ಸೈತ ಬರಂಗಿಲ್ಲ" ಅಂದರು. ಅವರ ಮುಖದಲ್ಲಿ ನಿಜವಾಗಿಯೂ ಗೊಂದಲ ಇತ್ತು.

ಮಳೆಕಾಡು ನಾಶದ ಇಡೀ ಕಥೆ ಆ ಗೊಂದಲದಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಬ್ರೆಜಿಲ್ ಇರಲಿ, ಇಂಡೋನೇಷ್ಯಾ ಇರಲಿ, ನಮ್ಮ ಖಾನಾಪುರ ಇರಲಿ, ದೊಡ್ಡ ಗಿಡ ಕಂಡ ಕೂಡಲೇ ನೆಲ ಫಲವತ್ತು ಅಂದುಕೊಳ್ಳುತ್ತೇವೆ. ಎರೆ ಸೀಮೆಯವರಿಗೆ ಹಾಗೆ ಅನಿಸುವುದು ಸಹಜ. ನಮ್ಮಲ್ಲಿ ಸಿರಿ ನೆಲದಲ್ಲೇ ಇದೆ. ಕಪ್ಪು ಮಣ್ಣು ಸಾರವನ್ನೂ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ವಿಜಯಪುರದ ಹೊಲದಲ್ಲಿ ಮಳೆ ನಿಂತ ಮೇಲೂ ಹಿಂಗಾರಿ ಜೋಳ ಬರುತ್ತದೆ. ಮಳೆಕಾಡಿನ ಲೆಕ್ಕ ಪೂರ್ತಿ ತಿರುವು ಮುರುವು. ಲಕ್ಷಾಂತರ ವರ್ಷ ಸುರಿದ ಮಳೆ ಅಲ್ಲಿನ ಮಣ್ಣಿನ ಸಾರವನ್ನೆಲ್ಲ ತೊಳೆದು ಹಾಕಿದೆ. ಉಳಿದ ಸಾರ ನಿಂತ ಗಿಡದಲ್ಲಿ, ಎಲೆಯಲ್ಲಿ, ಬಳ್ಳಿಯಲ್ಲಿ, ಹುಳುವಿನಲ್ಲಿದೆ. ಬಿದ್ದ ಎಲೆ ಕೆಲವೇ ತಿಂಗಳಲ್ಲಿ ಕೊಳೆಯುತ್ತದೆ. ಆ ಬಿಳಿ ಬೂಷ್ಟು ಮತ್ತು ಸಣ್ಣ ಬೇರು ಸೇರಿ ಅದನ್ನು ಕೂಡಲೇ ಹೀರಿ ಮತ್ತೆ ಗಿಡಕ್ಕೆ ಏರಿಸುತ್ತವೆ. ಅಂದು ದುಡಿದು ಅಂದೇ ಉಣ್ಣುವ ಮನೆಯ ಹಾಗೆ. ಹಗೇವಿನಲ್ಲಿ ಕಾಳು ಇಲ್ಲ.

ಅಮೆಜಾನ್ ಕಾಡಿಗಂತೂ ಗೊಬ್ಬರದ ಒಂದು ಪಾಲು ಆಫ್ರಿಕಾದಿಂದ ಗಾಳಿಯಲ್ಲಿ ಬರುತ್ತದೆ. ಸಹಾರಾ ಮರುಭೂಮಿಯ ಧೂಳು ಅಟ್ಲಾಂಟಿಕ್ ಸಾಗರ ದಾಟಿ ಬಂದು ಆ ಕಾಡಿನ ಮೇಲೆ ಬೀಳುತ್ತದೆ. ವರ್ಷಕ್ಕೆ ಸುಮಾರು 22,000 ಟನ್ ರಂಜಕ ಹೀಗೆ ಬರುತ್ತದೆ ಎಂದು ಉಪಗ್ರಹದ ಮಾಹಿತಿ ಇಟ್ಟುಕೊಂಡು 2015ರಲ್ಲಿ ಅಂದಾಜು ಮಾಡಿದ್ದಾರೆ. ಮಳೆಯಲ್ಲಿ ತೊಳೆದು ಹೋಗುವ ರಂಜಕವೂ ಹೆಚ್ಚುಕಡಿಮೆ ಅಷ್ಟೇ ಇದೆಯಂತೆ.

ಇಂಥ ಕಾಡನ್ನು ಕಡಿದು ಸುಟ್ಟರೆ ಏನಾಗುತ್ತದೆ? ಬೂದಿ ಒಂದೆರಡು ವರ್ಷ ಗೊಬ್ಬರ ಆಗುತ್ತದೆ. ಬೆಳೆ ಚೆನ್ನಾಗಿಯೇ ಬರುತ್ತದೆ. ಮೂರನೇ ವರ್ಷ ಇಳುವರಿ ಕುಸಿಯುತ್ತದೆ. ಆಮೇಲೆ ಹುಲ್ಲು, ಕಳೆ, ಬಿಸಿಲಿಗೆ ಗಟ್ಟಿಯಾದ ಕೆಂಪು ನೆಲ. ಆಗ ಮುಂದಿನ ಕಾಡಿಗೆ ಕೊಡಲಿ. ಅಂದರೆ ಕಾಡು ಕಡಿಯುವುದೇ ಮತ್ತಷ್ಟು ಕಾಡು ಕಡಿಯುವುದಕ್ಕೆ ಕಾರಣ ಆಗುತ್ತದೆ.

ನಮ್ಮ ಘಟ್ಟದ ಜನರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಅವರು ಮಾಡುತ್ತಿದ್ದ ಕುಮ್ರಿ ಬೇಸಾಯದಲ್ಲಿ ಸಣ್ಣ ತುಂಡು ಕಾಡು ಸುಟ್ಟು ಒಂದೆರಡು ವರ್ಷ ರಾಗಿ ಬೆಳೆದು, ಆಮೇಲೆ ವರ್ಷಗಟ್ಟಲೆ ಆ ಜಾಗಕ್ಕೆ ಕೈ ಹಚ್ಚುತ್ತಿರಲಿಲ್ಲ. ಕಾಡು ಮತ್ತೆ ಎದ್ದು ನಿಲ್ಲುವುದಕ್ಕೆ ಬಿಡುವು ಸಿಗುತ್ತಿತ್ತು. ಬ್ರಿಟಿಷ್ ಸರ್ಕಾರ ಈ ಜನ ಕಾಡು ಹಾಳು ಮಾಡುತ್ತಾರೆ ಎಂದು ಕುಮ್ರಿಗೆ ನಿರ್ಬಂಧ ಹಾಕಿತು. ರೈಲು ಹಳಿಯ ದಿಮ್ಮಿಗೆ ಕಾಡಿನ ಮರ ಬೇಕಾದಾಗ ಮಾತ್ರ ಆ ಕಾಳಜಿ ಅದಕ್ಕೆ ಇರಲಿಲ್ಲ. ಬಡವರ ಕೊಡಲಿ ಬೇಗ ಕಣ್ಣಿಗೆ ಬೀಳುತ್ತದೆ. ದೊಡ್ಡವರ ಗರಗಸ ಬೀಳುವುದಿಲ್ಲ.

ಈಗ ನೀರಿನ ಮಾತಿಗೆ ಬರುತ್ತೇನೆ. ಕಾಕಾ ಬಂದಿದ್ದೇ ಅದಕ್ಕೆ.

ಕಣಕುಂಬಿಯ ಹತ್ತಿರ ಹೋಗುವಷ್ಟರಲ್ಲಿ ಜೋರಾಗಿ ಮಳೆ ಬಂತು. ಅರ್ಧ ತಾಸು ಸುರಿದು ನಿಂತಿತು. ಕೆಳಗಿಳಿದು ನಡೆಯತೊಡಗಿದೆವು. ಬಯಲಲ್ಲಿ ಮಳೆ ನಿಂತಿದ್ದರೂ ಮರಗಳ ಕೆಳಗೆ ಹೋದ ಕೂಡಲೇ ತಲೆಯ ಮೇಲೆ ಟಪ ಟಪ ಅಂತ ಹನಿ ಬೀಳುತ್ತಿತ್ತು. ಕಾಕಾ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, "ಮಳಿ ನಿಂತೈತಿ, ಗಿಡ ಇನ್ನಾ ಸುರೀತಾವಲ್ಲೋ" ಅಂದರು. ಕಾಡಿನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಮಳೆಕಾಡಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಮೂರು ನಾಲ್ಕು ಅಂತಸ್ತು ಎಲೆ ಇರುತ್ತದೆ. ಮಳೆಹನಿ ನೇರವಾಗಿ ನೆಲಕ್ಕೆ ಅಪ್ಪಳಿಸುವುದಿಲ್ಲ. ಎಲೆಯಿಂದ ಎಲೆಗೆ ಇಳಿದು, ಕಾಂಡದ ಮೇಲೆ ಜಾರಿ, ತರಗೆಲೆಯ ಹಾಸಿಗೆಗೆ ಬಂದು ಮೆಲ್ಲಗೆ ಒಳಗೆ ಇಂಗುತ್ತದೆ. ಬೇರು ಕೊಳೆತ ಜಾಗ, ಗೆದ್ದಲು ಕೊರೆದ ತೂತು, ಎಲ್ಲವೂ ನೀರಿಗೆ ದಾರಿ. ಆ ನೀರು ವಾರಗಟ್ಟಲೆ, ತಿಂಗಳುಗಟ್ಟಲೆ ನೆಲದೊಳಗೆ ನಡೆದು ಹಳ್ಳಕ್ಕೆ ಬರುತ್ತದೆ. ಕಣಕುಂಬಿಯ ಕಡೆ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅಲ್ಲಿಂದ ಮಲಪ್ರಭೆ ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೊನೆಯ ಆ ಸೀಮೆಯಲ್ಲಿ ಬೀಳುವ ಮಳೆ 600 ಮಿ.ಮೀ. ಆಸುಪಾಸು ಅಷ್ಟೇ. ಸವದತ್ತಿಯ ನವಿಲುತೀರ್ಥ ಅಣೆಕಟ್ಟು ಇರುವುದೇ ಮೇಲಿನ ಮಳೆಯನ್ನು ಕೆಳಗಿನ ಬರಕ್ಕೆ ಎತ್ತಿಡುವುದಕ್ಕೆ. ಆದರೆ ಆ ಅಣೆಕಟ್ಟಿನ ಮೇಲೆ ಇನ್ನೊಂದು ಅಣೆಕಟ್ಟು ಇದೆ, ಅದು ಕಾಡು. ಅದಕ್ಕೆ ಗೇಟು ಇಲ್ಲ, ಕಾವಲುಗಾರ ಇಲ್ಲ.

ಒಂದು ಮಾತನ್ನು ಇಲ್ಲಿ ಸರಿಯಾಗಿ ಹೇಳಬೇಕು. ಕಾಡು ತಾನೂ ನೀರು ಕುಡಿಯುತ್ತದೆ. ಕಾಡು ಕಡಿದ ಮೇಲೆ ಹೊಳೆಗೆ ಬರುವ ಒಟ್ಟು ನೀರು ಎಷ್ಟೋ ಕಡೆ ಹೆಚ್ಚೇ ಆಗಿದೆ. ಆದರೆ ಅದು ಬರುವ ಹೊತ್ತು ಬದಲಾಗುತ್ತದೆ. ನೆಲ ಗಟ್ಟಿಯಾದಂತೆ ನೀರು ಇಂಗುವುದು ಕಡಿಮೆಯಾಗಿ, ಮಳೆ ಬಿದ್ದ ದಿನವೇ ಎಲ್ಲ ನುಗ್ಗಿ ಬರುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ. ಜೊತೆಗೆ ಮಣ್ಣೂ ಕೊಚ್ಚಿಕೊಂಡು ಬರುತ್ತದೆ, ಅಣೆಕಟ್ಟಿನ ತಳದಲ್ಲಿ ಹೂಳಾಗಿ ಕೂರುತ್ತದೆ. ರೈತನಿಗೆ ಬೇಕಾದದ್ದು ವರ್ಷದ ಒಟ್ಟು ಲೆಕ್ಕ ಅಲ್ಲ, ಬೇಕಾದ ಹೊತ್ತಿನ ನೀರು, ಅಲ್ವಾ?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಒಳಗೆ ನೀರು ಹೊಕ್ಕಿದ್ದನ್ನು ನಾವು ಕಣ್ಣಾರೆ ಕಂಡೆವು. ಆ ಮಹಾಪೂರಕ್ಕೆ ಮುಖ್ಯ ಕಾರಣ ಕೆಲವೇ ದಿನಗಳಲ್ಲಿ ಸುರಿದ ವಿಪರೀತ ಮಳೆ. ಅದನ್ನು ಬರೀ ಕಾಡು ಕಡಿದದ್ದರ ಮೇಲೆ ಹಾಕುವುದು ತಪ್ಪು. ಆದರೆ ಅಂಥ ಮಳೆ ಬೀಳುವ ಜಾಗದಲ್ಲಿ ಕಾಡು ತೆಳುವಾದಷ್ಟೂ ಕೆಳಗಿನವರಿಗೆ ಆತುಕೊಳ್ಳಲು ಏನೂ ಉಳಿಯುವುದಿಲ್ಲ.

ಕಾಡು ಬಿದ್ದ ಮಳೆಯನ್ನು ಹಿಡಿಯುವುದಷ್ಟೇ ಅಲ್ಲ, ಮುಂದಿನ ಮಳೆಯನ್ನೂ ತಯಾರು ಮಾಡುತ್ತದೆ. ಅಮೆಜಾನಿನ ಒಂದು ದೊಡ್ಡ ಮರ ದಿನಕ್ಕೆ ನೂರಾರು ಲೀಟರ್ ನೀರನ್ನು ಬೇರಿನಿಂದ ಎತ್ತಿ ಎಲೆಯಿಂದ ಆವಿ ಮಾಡಿ ಗಾಳಿಗೆ ಬಿಡುತ್ತದೆ. ಕೊಡದ ಲೆಕ್ಕದಲ್ಲಿ ಇಪ್ಪತ್ತು ಮೂವತ್ತು ಕೊಡ. ಆ ಆವಿ ಮೋಡವಾಗಿ ಮುಂದೆ ಹೋಗಿ ಮತ್ತೆ ಸುರಿಯುತ್ತದೆ. ಆ ಮಳೆ ಕುಡಿದ ಮರಗಳು ಮತ್ತೆ ಆವಿ ಬಿಡುತ್ತವೆ. ಎನಿಯಾಸ್ ಸಲಾಟಿ ಎಂಬ ಬ್ರೆಜಿಲ್ ವಿಜ್ಞಾನಿ 1970ರ ದಶಕದಲ್ಲಿ ಮಳೆನೀರಿನ ಪರೀಕ್ಷೆ ಮಾಡಿ, ಅಮೆಜಾನಿನ ಮಳೆಯಲ್ಲಿ ಅರ್ಧದ ಹತ್ತಿರ ಕಾಡೇ ತಿರುಗಿಸಿ ಕೊಟ್ಟ ನೀರು ಎಂದು ತೋರಿಸಿದರು. ಅಟ್ಲಾಂಟಿಕ್‌ನಿಂದ ಹೊರಟ ತೇವ ಹೀಗೆ ಕೈಯಿಂದ ಕೈಗೆ ದಾಟುತ್ತಾ ಆಂಡಿಸ್ ಪರ್ವತದವರೆಗೆ ಹೋಗಿ, ಅಲ್ಲಿಂದ ತೆಂಕಣಕ್ಕೆ ತಿರುಗಿ ಸಾವಿರಾರು ಕಿ.ಮೀ. ದೂರದ ಹೊಲಗಳಿಗೂ ಮಳೆಯಾಗುತ್ತದೆ. ಇದಕ್ಕೆ ಹಾರುವ ನದಿ ಎಂದು ಹೆಸರಿಟ್ಟಿದ್ದಾರೆ. ನಮ್ಮ ಘಟ್ಟದ ಕಾಡೂ ಈ ಕೆಲಸ ಮಾಡುತ್ತದೆ. ತಮಿಳುನಾಡಿನಲ್ಲಿ ಮುಂಗಾರಿಗೆ ಬೀಳುವ ಮಳೆಯ ತೇವದಲ್ಲಿ ದೊಡ್ಡ ಪಾಲು ಪಶ್ಚಿಮ ಘಟ್ಟದ ಕಾಡಿನದು ಎಂದು 2018ರಲ್ಲಿ ಐಐಟಿ ಬಾಂಬೆಯ ಸಂಶೋಧಕರು ತೋರಿಸಿದ್ದಾರೆ.

ಹೀಗೆ ಕೈಯಿಂದ ಕೈಗೆ ದಾಟುವ ಸಾಲಿನಲ್ಲಿ ನಡುವಿನವರು ಎದ್ದು ಹೋದರೆ ಕೊನೆಯವರಿಗೆ ಏನೂ ಮುಟ್ಟುವುದಿಲ್ಲ. ಅಮೆಜಾನಿನ ಆರನೇ ಒಂದು ಭಾಗಕ್ಕೂ ಹೆಚ್ಚು ಕಾಡು ಈಗಾಗಲೇ ಹೋಗಿದೆ. ಇದು ನೂರಕ್ಕೆ 20ರಿಂದ 25ಕ್ಕೆ ಮುಟ್ಟಿದರೆ, ಉಳಿದ ಕಾಡಿನ ಬಹುಭಾಗ ತನಗೆ ಬೇಕಾದ ಮಳೆಯನ್ನು ತಾನೇ ಮಾಡಿಕೊಳ್ಳಲಾಗದೆ ಒಣ ಹುಲ್ಲುಗಾವಲಿನ ಕಡೆ ಜಾರಬಹುದು ಎಂದು ಥಾಮಸ್ ಲವ್‌ಜಾಯ್ ಮತ್ತು ಕಾರ್ಲೋಸ್ ನೊಬ್ರೆ ಎಂಬ ವಿಜ್ಞಾನಿಗಳು 2018ರಲ್ಲಿ ಎಚ್ಚರಿಸಿದರು. ಅಂದರೆ ಪೂರ್ತಿ ಕಡಿಯಬೇಕಾಗಿಯೇ ಇಲ್ಲ. ಒಂದು ಮಿತಿ ದಾಟಿದರೆ ಉಳಿದದ್ದು ತಾನಾಗಿಯೇ ಸಾಯುತ್ತದೆ. ನನಗೆ ನಿದ್ದೆ ಬಾರದಂತೆ ಮಾಡುವ ವಿಷಯ ಇದೇ.

ಹಾಗಾದರೆ ಇಷ್ಟು ಗೊತ್ತಿದ್ದೂ ಯಾಕೆ ಕಡಿಯುತ್ತಾರೆ? ಒಂದೊಂದು ಕಡೆ ಒಂದೊಂದು ಕಾರಣ.

ಬ್ರೆಜಿಲ್‌ನಲ್ಲಿ ದನ. ಅಮೆಜಾನಿನಲ್ಲಿ ಕಡಿದ ಜಾಗದ ಬಹುಪಾಲು ದನ ಮೇಯಿಸುವ ಹುಲ್ಲುಗಾವಲಾಗಿದೆ. ಮಾಂಸ ಮಾರುವುದು ಅದರಲ್ಲಿ ಅರ್ಧ ವಿಚಾರ. ಇನ್ನರ್ಧ ಜಮೀನು. ಸರ್ಕಾರಿ ಕಾಡು ಕಡಿದು, ಸುಟ್ಟು, ನಾಲ್ಕು ದನ ಬಿಟ್ಟರೆ ಇದು ನನ್ನ ಸ್ವಾಧೀನದಲ್ಲಿದೆ ಅಂತ ತೋರಿಸಬಹುದು. ಕೆಲವು ವರ್ಷ ಬಿಟ್ಟು ಕಾಗದಪತ್ರ ಮಾಡಿಸಿ ಮಾರಬಹುದು. ಹೊಲದ ರೇಟು ಏರುವುದನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೆಲ್ಲ ಶುರುವಾಗುವುದು ರಸ್ತೆಯಿಂದ. ಕಾಡಿನ ನಡುವೆ ಒಂದು ಹೆದ್ದಾರಿ ಬಂದರೆ ಅದರ ಎರಡೂ ಕಡೆ ಅಡ್ಡದಾರಿ ಹುಟ್ಟುತ್ತವೆ, ಅಡ್ಡದಾರಿಯ ಗುಂಟ ಕಾಡು ಬೋಳಾಗುತ್ತದೆ. ರೊಂಡೋನಿಯಾ ರಾಜ್ಯದ ಉಪಗ್ರಹ ಚಿತ್ರಗಳನ್ನು ನೋಡಿದರೆ ಹಸಿರಿನ ಮೇಲೆ ಮೀನಿನ ಮುಳ್ಳು ಹಾಸಿದ ಹಾಗೆ ಕಾಣುತ್ತದೆ. ಕಾಡು ತುಂಡು ತುಂಡಾದರೆ ಅಂಚಿನಿಂದ ಬಿಸಿಲು, ಒಣಗಾಳಿ ಒಳಗೆ ಬರುತ್ತದೆ. ಒದ್ದೆ ಇದ್ದ ತರಗೆಲೆ ಒಣಗಿ ಬೆಂಕಿಗೆ ಸಿಗುತ್ತದೆ.

ಇಂಡೋನೇಷ್ಯಾ, ಮಲೇಷ್ಯಾದಲ್ಲಿ ತಾಳೆ ಎಣ್ಣೆ. ಇದು ನಮಗೆ ಬಹಳ ಹತ್ತಿರದ ಕಾರಣ. ಸಂಜೆ ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಗಿರ್ಮಿಟ್ಟಿನ ಜೊತೆ ಮಿರ್ಚಿ ತಿನ್ನುತ್ತೇವಲ್ಲ, ಆ ಬಾಣಲೆಯಲ್ಲಿ ಎಷ್ಟೋ ಸಲ ಇರುವುದು ಪಾಮೋಲಿನ್. ಬಿಸ್ಕತ್ತಿನಲ್ಲಿ, ಸೋಪಿನಲ್ಲಿ, ಡಾಲ್ಡಾದಲ್ಲಿ ಕೂಡ ತಾಳೆ ಎಣ್ಣೆ ಇರುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ತರಿಸಿಕೊಳ್ಳುವ ದೇಶ ನಮ್ಮದು. ನಮ್ಮ ಅಜ್ಜಿಯ ಕಾಲದಲ್ಲಿ ಮನೆಗೆ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಬರುತ್ತಿತ್ತು. ಜೋಳದ ಹೊಲದಲ್ಲೇ ಕುಸುಬಿ ಅಕ್ಕಡಿ ಇರುತ್ತಿತ್ತು, ಊರಿನ ಗಾಣದಲ್ಲೇ ಎಣ್ಣೆ. ಈಗ ಬಾಣಲೆಯ ಎಣ್ಣೆ ಸುಮಾತ್ರಾದ, ಬೋರ್ನಿಯೋದ ತೋಟದಿಂದ ಬರುತ್ತದೆ.

ಹಾಗಂತ ತಾಳೆ ಎಣ್ಣೆ ಬಿಟ್ಟರೆ ಎಲ್ಲ ಸರಿ ಹೋಗುತ್ತದೆ ಅಂತಲೂ ಇಲ್ಲ. ಒಂದು ಹೆಕ್ಟೇರ್ ತಾಳೆ ತೋಟ ಮೂರು ಟನ್ನಿನಷ್ಟು ಎಣ್ಣೆ ಕೊಡುತ್ತದೆ. ಬೇರೆ ಯಾವ ಎಣ್ಣೆಬೀಜವೂ ಅದರ ಹತ್ತಿರ ಬರುವುದಿಲ್ಲ. ಅಷ್ಟೇ ಎಣ್ಣೆಯನ್ನು ಬೇರೆ ಬೆಳೆಯಿಂದ ತೆಗೆಯಲು ಇನ್ನೂ ಜಾಸ್ತಿ ನೆಲ ಬೇಕು. ತಪ್ಪು ತಾಳೆಯದ್ದಲ್ಲ, ಅದನ್ನು ನೆಡಲು ಆರಿಸಿದ ಜಾಗದ್ದು. ಅಲ್ಲಿನ ಎಷ್ಟೋ ಕಾಡು ನಿಂತಿರುವುದು ಜೌಗಿನ ಮೇಲೆ. ಸಾವಿರಾರು ವರ್ಷ ಬಿದ್ದ ಗಿಡ, ಎಲೆ ನೀರಲ್ಲಿ ಪೂರ್ತಿ ಕೊಳೆಯದೆ ಮೀಟರ್‌ಗಟ್ಟಲೆ ಆಳ ತುಂಬಿಕೊಂಡಿವೆ. ತೋಟಕ್ಕಾಗಿ ಕಾಲುವೆ ತೋಡಿ ಆ ನೀರು ಬಸಿದರೆ ನೆಲವೇ ಉರಿಯುವ ಕುಳ್ಳಾಗುತ್ತದೆ. 2015ರಲ್ಲಿ ಹೀಗೆ ಹತ್ತಿದ ಬೆಂಕಿಯಲ್ಲಿ ಇಂಡೋನೇಷ್ಯಾದ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಹೊಗೆ ಸಿಂಗಾಪುರದವರೆಗೂ ಕವಿಯಿತು. ನೆಲದೊಳಗೆ ನಡೆಯುವ ಆ ಬೆಂಕಿಯನ್ನು ದೊಡ್ಡ ಮಳೆ ಬರುವ ತನಕ ಆರಿಸುವುದು ಬಹಳ ಕಷ್ಟ.

ಕಾಂಗೋದಲ್ಲಿ ಬಡತನದ ಕಥೆ. ಅಲ್ಲಿ ಹೆಚ್ಚಾಗಿ ಸಣ್ಣ ಹೊಲ, ಕಟ್ಟಿಗೆ, ಇದ್ದಲು. ನಮ್ಮ ಖಾನಾಪುರದಲ್ಲಿ ರಸ್ತೆ ಅಗಲ ಮಾಡುವುದು, ವಿದ್ಯುತ್ ತಂತಿ, ನೀರಿನ ಕಾಲುವೆ, ರೆಸಾರ್ಟು. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರೆ ಸಣ್ಣದೇ. ಮಹದಾಯಿ ಹೊಳೆಗೆ ಹೋಗುವ ಕಳಸಾ–ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನಮ್ಮ ರೈತರು ದಶಕಗಟ್ಟಲೆ ಬೀದಿಯಲ್ಲಿ ಕೂತರು, ಲಾಠಿ ಏಟು ತಿಂದರು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ರಾಜ್ಯಕ್ಕೆ 13.42 ಟಿಎಂಸಿ ಹಂಚಿತು. ಅವರ ಬಾಯಾರಿಕೆ ನಿಜ, ಅದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಆದರೆ ಆ ಎಲ್ಲ ಟಿಎಂಸಿ ಬರುವುದು ಇದೇ ಕಾಡಿನ ಹಳ್ಳಗಳಿಂದ. ನೀರಿಗೆ ಎದ್ದ ದನಿಯಲ್ಲಿ ಅರ್ಧದಷ್ಟಾದರೂ ಕಾಡಿಗೆ ಏಳಬೇಕಿತ್ತು.

ಇನ್ನು ಹವಾಮಾನದ ಮಾತು ಬಹಳ ಜನ ಕೇಳಿರುತ್ತಾರೆ. ಅಮೆಜಾನ್ ಜಗತ್ತಿಗೆ ನೂರಕ್ಕೆ ಇಪ್ಪತ್ತು ಆಮ್ಲಜನಕ ಕೊಡುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಸರಿಯಲ್ಲ. ಕಾಡು ತಯಾರಿಸಿದ ಆಮ್ಲಜನಕವನ್ನು ಹೆಚ್ಚುಕಡಿಮೆ ಅದೇ ಕಾಡು ಉಸಿರಾಡಿ, ಎಲೆ ಕೊಳೆಯಿಸಿ ಖರ್ಚು ಮಾಡುತ್ತದೆ. ನಿಜವಾದ ಬೆಲೆ ಇರುವುದು ಮರದೊಳಗೆ ಕೂಡಿಟ್ಟ ಇಂಗಾಲಕ್ಕೆ. ಸುಟ್ಟರೆ ಅದೆಲ್ಲ ಒಮ್ಮೆಲೇ ಗಾಳಿಗೆ. ಅಮೆಜಾನಿನ ಆಗ್ನೇಯ ಭಾಗ ಈಗ ಹೀರುವ ಇಂಗಾಲಕ್ಕಿಂತ ಬಿಡುವುದೇ ಜಾಸ್ತಿ ಆಗಿದೆ ಎಂದು 2021ರಲ್ಲಿ ಬ್ರೆಜಿಲ್ ವಿಜ್ಞಾನಿ ಲೂಸಿಯಾನಾ ಗಾಟಿ ಅವರ ತಂಡ ವಿಮಾನದಲ್ಲಿ ಹಾರಿ ಗಾಳಿ ಹಿಡಿದು ಅಳೆದು ಹೇಳಿತು.

ಜೀವಿಗಳ ವಿಚಾರಕ್ಕೆ ಒಂದೇ ಉದಾಹರಣೆ ಸಾಕು. ಭೂಮಿಯ ನೆಲದಲ್ಲಿ ಮಳೆಕಾಡು ಇರುವುದು ನೂರಕ್ಕೆ ಆರೇಳು ಭಾಗ. ನೆಲದ ಮೇಲಿನ ಜೀವಜಾತಿಗಳಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿವೆ. ಭೀಮಗಡ ಕಾಡಿನ ಬಾರಾಪೇಡೆ ಗುಹೆಯಲ್ಲಿ ಒಂದು ಬಾವಲಿ ಇದೆ. ದೊಡ್ಡ ಕಿವಿ, ರೆಕ್ಕೆಯ ಚರ್ಮದಿಂದ ಹೊರಗೆ ಬಂದ ಬಾಲ. 1913ರಲ್ಲಿ ಅದಕ್ಕೆ ರಾಟನ್ ಎಂಬುವರ ಹೆಸರಿಟ್ಟರು. ಆಮೇಲೆ ಎಷ್ಟೋ ದಶಕ ಇಡೀ ಜಗತ್ತಿನಲ್ಲಿ ಆ ಬಾವಲಿ ಇರುವುದು ಆ ಒಂದೇ ಗುಹೆಯಲ್ಲಿ ಎಂದು ತಿಳಿದಿದ್ದರು. ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕಿದ್ದು ಬಹಳ ತಡವಾಗಿ. ಬೆಳಗಾವಿ ಜಿಲ್ಲೆಯ ಒಂದು ಗುಹೆ ಹೋಗಿದ್ದರೆ ಏನು ಹೋಗುತ್ತಿತ್ತು ನೋಡಿ. ಭೀಮಗಡದ 190 ಚದರ ಕಿ.ಮೀ. ಕಾಡು 2011ರಲ್ಲಿ ವನ್ಯಜೀವಿಧಾಮ ಆಯಿತು.

ಲೆಕ್ಕ ದೊಡ್ಡದಿದೆ. 2024 ಒಂದೇ ವರ್ಷದಲ್ಲಿ ಜಗತ್ತು 67 ಲಕ್ಷ ಹೆಕ್ಟೇರ್ ಹಳೆಯ ಮಳೆಕಾಡು ಕಳೆದುಕೊಂಡಿತು ಎಂದು ಉಪಗ್ರಹದಿಂದ ಕಾಡಿನ ಲೆಕ್ಕ ಇಡುವ ಗ್ಲೋಬಲ್ ಫಾರೆಸ್ಟ್ ವಾಚ್ ಹೇಳುತ್ತದೆ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಬರಗಾಲದ ಆ ವರ್ಷ ಅರ್ಧದಷ್ಟು ಹೋಗಿದ್ದು ಬೆಂಕಿಯಲ್ಲಿ.

ಆದರೆ ಇದನ್ನು ನಿಲ್ಲಿಸಲು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2004ರಲ್ಲಿ ಬ್ರೆಜಿಲ್ ಅಮೆಜಾನಿನಲ್ಲಿ ಸುಮಾರು 27,800 ಚದರ ಕಿ.ಮೀ. ಕಾಡು ಕಡಿದರು. ಬೆಳಗಾವಿ, ವಿಜಯಪುರ ಎರಡೂ ಜಿಲ್ಲೆ ಕೂಡಿಸಿದರೂ ಅಷ್ಟಾಗುವುದಿಲ್ಲ. 2012ಕ್ಕೆ ಅದು ಸುಮಾರು 4,600ಕ್ಕೆ ಇಳಿಯಿತು. ಆ ಕೆಲಸ ಶುರು ಮಾಡಿದಾಗ ಪರಿಸರ ಸಚಿವೆ ಆಗಿದ್ದವರು ಮರೀನಾ ಸಿಲ್ವಾ. ರಬ್ಬರ್ ಹಾಲು ಇಳಿಸುವ ಬಡ ಮನೆಯಲ್ಲಿ ಹುಟ್ಟಿ, ಹದಿನಾರರ ವಯಸ್ಸಿನಲ್ಲಿ ಅಕ್ಷರ ಕಲಿತವರು. ಕಾಡಿಗಾಗಿ ಹೋರಾಡಿ 1988ರಲ್ಲಿ ಗುಂಡಿಗೆ ಬಲಿಯಾದ ಚಿಕೊ ಮೆಂಡಿಸ್ ಅವರ ಜೊತೆಗಾರ್ತಿ. ಉಪಗ್ರಹದಿಂದ ಹೆಚ್ಚುಕಡಿಮೆ ಕೂಡಲೇ ಕಡಿತ ಕಂಡುಹಿಡಿದು ಅಧಿಕಾರಿಗಳನ್ನು ಕಳಿಸಿದರು. ಆದಿವಾಸಿಗಳ ನೆಲವನ್ನು ಗುರುತಿಸಿ ಕೊಟ್ಟರು. ಕಾಡು ಕಡಿದ ಜಾಗದ ಸೋಯಾ ಕೊಳ್ಳುವುದಿಲ್ಲ ಎಂದು ವ್ಯಾಪಾರಿಗಳು 2006ರಲ್ಲಿ ಒಪ್ಪಿಕೊಂಡರು. ಮುಂದೆ ಸರ್ಕಾರ ಬದಲಾಗಿ ಕೈ ಸಡಿಲ ಬಿಟ್ಟಾಗ 2021ರಲ್ಲಿ ಕಡಿತ ಮತ್ತೆ 13,000 ದಾಟಿತು. ಅವರೇ 2023ರಲ್ಲಿ ಮತ್ತೆ ಸಚಿವೆಯಾಗಿ ಬಂದ ಮೇಲೆ ಮತ್ತೆ ಇಳಿಯಿತು. ಇದು ಮನಸ್ಸು ಮಾಡುವ, ಮಾಡದಿರುವ ಪ್ರಶ್ನೆ.

ಕಡಿದದ್ದು ಮತ್ತೆ ಬೆಳೆಯುತ್ತದಾ ಅಂತ ಕಾಕಾ ಕೂಡ ಕೇಳಿದರು. ಬೆಳೆಯುತ್ತದೆ. ಮಣ್ಣು ಪೂರ್ತಿ ಕೆಟ್ಟಿರದಿದ್ದರೆ, ಪಕ್ಕದಲ್ಲಿ ಹಳೆಯ ಕಾಡು ಇದ್ದರೆ, ಸುಮ್ನೆ ಬಿಟ್ಟರೂ ಬೆಳೆಯುತ್ತದೆ. ಅಮೆರಿಕ ಖಂಡ ಮತ್ತು ಪಶ್ಚಿಮ ಆಫ್ರಿಕಾದ ಇಂಥ ಕಾಡುಗಳನ್ನು ನೋಡಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮಣ್ಣು ಹತ್ತು ವರ್ಷದೊಳಗೆ ಸುಧಾರಿಸುತ್ತದೆ. ಆದರೆ ಹಳೆಯ ಕಾಡಿನಷ್ಟೇ ತೂಕದ ಮರ, ಅದೇ ಜಾತಿಗಳು ಬರಲು 120 ವರ್ಷ ಬೇಕು. ನೀಲಗಿರಿ, ಅಕೇಶಿಯಾ ಸಾಲಾಗಿ ನೆಟ್ಟು ಅದನ್ನೇ ಕಾಡು ಎಂದು ಎಣಿಸಿದರೆ ಆ 120 ವರ್ಷ ಶುರುವೇ ಆಗುವುದಿಲ್ಲ.

ಪಕ್ಕದಲ್ಲಿ ಹಳೆಯ ಕಾಡು ಯಾಕೆ ಬೇಕು ಅಂತ ಹೇಳುತ್ತಿದ್ದಾಗಲೇ ಮೇಲಿಂದ ಭರ್ ಭರ್ ಅಂತ ಸದ್ದು ಬಂತು. ಕಾಕಾ ಹೆದರಿ ನನ್ನ ತೋಳು ಹಿಡಿದರು. ಮಂಗಟ್ಟೆ ಹಕ್ಕಿಗಳು. ಎರಡು, ಒಂದರ ಹಿಂದೆ ಒಂದು. ಅವುಗಳ ರೆಕ್ಕೆಯ ಸದ್ದು ಬಹಳ ದೂರದವರೆಗೆ ಕೇಳುತ್ತದೆ. ದೊಡ್ಡ ಮರದ ಪೊಟರೆಯಲ್ಲೇ ಗೂಡು ಮಾಡುತ್ತವೆ, ಹಣ್ಣು ಇಡಿಯಾಗಿ ನುಂಗಿ, ಬೀಜವನ್ನು ದೂರದಲ್ಲಿ ಉದುರಿಸುತ್ತವೆ. ಅವು ರಸ್ತೆ ದಾಟಿ, ಹೋದ ಶತಮಾನದಲ್ಲಿ ಎಂದೋ ಕಡಿದು ಬಿಟ್ಟಂತೆ ಕಾಣುವ, ಈಗ ಎಳೆ ಮರ ಎದ್ದಿರುವ ಇಳಿಜಾರಿನ ಮೇಲೆ ಹೋದವು. ಕಾಕಾ ಅವು ಕಾಣದಾಗುವ ತನಕ ನೋಡಿದರು. ಆಮೇಲೆ ಆ ಕೆಂಪು ಹೆಂಟೆ ಇನ್ನೂ ಕೈಯಲ್ಲೇ ಇದ್ದದ್ದು ನೆನಪಾಗಿ, ಅದನ್ನು ಮರದ ಬುಡಕ್ಕೆ ಇಟ್ಟು, ಹೊಳೆ ಹುಟ್ಟುವ ಕೊಳದ ಕಡೆ ನಡೆದರು.